ಕಲ್ಕುಡನ ದಾರಿ

ಕಲೆಯನ್ನು ನೋಡುವುದಕ್ಕೆ ಕಟ್ಟಡದೊಳಗೆ ಹೋಗಬೇಕೆಂಬ ಭಾವನೆ ನಮ್ಮಲ್ಲಿ ಬೆಳೆದದ್ದು ಈಚೆಗೆ. ಗೋಡೆ, ಗಾಜಿನ ಪೆಟ್ಟಿಗೆ, ಕಾವಲುಗಾರ, ಮುಟ್ಟಬಾರದೆಂಬ ಫಲಕ—ಇವೆಲ್ಲವೂ ವಸ್ತುಸಂಗ್ರಹಾಲಯದ ಕಾಲದವು. ಅದಕ್ಕೆ ಮುನ್ನ ನಮ್ಮ ಹಿರಿಯರು ಶಿಲ್ಪವನ್ನು ಕಂಡದ್ದು ದಾರಿಯಲ್ಲಿ. ಊರ ಮುಂದಿನ ವೀರಗಲ್ಲಿನಲ್ಲಿ, ಅರಳಿಯ ಕಟ್ಟೆಯ ನಾಗರಕಲ್ಲಿನಲ್ಲಿ, ಬೆಟ್ಟ ಹತ್ತುವ ಮೆಟ್ಟಿಲುಗಳ ಬದಿಯಲ್ಲಿ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಕಾಲುನಡಿಗೆಯಲ್ಲಿ ಹತ್ತುವವರು ಮೂರರಲ್ಲಿ ಎರಡು ಪಾಲು ದಾರಿ ಕಳೆಯುವ ವೇಳೆಗೆ, ಏದುಸಿರು ಬಿಡುತ್ತಿರುವಾಗ, ಸುಮಾರು 16 ಅಡಿ ಎತ್ತರದ ಏಕಶಿಲಾ ನಂದಿ ಎದುರಾಗುತ್ತದೆ. ದೊಡ್ಡದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಇದ್ದ ಬಂಡೆಯನ್ನೇ ಇದ್ದೆಡೆಯಲ್ಲಿಯೇ ನಂದಿಯಾಗಿ ಕಡೆಯಿಸಿದರು. ಬೆವರಿನೊಡನೆ ಕಂಡ ಆ ನಂದಿಗೂ ವಾಹನದಿಂದಿಳಿದು ಕಂಡ ನಂದಿಗೂ ವ್ಯತ್ಯಾಸವುಂಟೆಂಬುದನ್ನು ಹತ್ತಿದವರೆಲ್ಲ ಬಲ್ಲರು. ದಾರಿಯೂ ಶಿಲ್ಪದ ಒಂದು ಅಂಗ.

ಈ ಹಳೆಯ ಅರಿವು ಈಗ ಹೊರನಾಡುಗಳಲ್ಲಿ ಹೊಸ ವೇಷದಲ್ಲಿ ಕಾಣಿಸಿಕೊಳ್ಳುತ್ತಿದೆ. ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ 1997ರಲ್ಲಿ ಬೊಂಡೈ ಕಡಲತೀರದಿಂದ ತಮರಾಮಾದವರೆಗಿನ ಕಾಲುದಾರಿಯ ಉದ್ದಕ್ಕೂ ಶಿಲ್ಪಗಳನ್ನಿರಿಸುವ ಪ್ರದರ್ಶನ ಆರಂಭವಾಯಿತು. ಇಂಗ್ಲೆಂಡಿನ ಕ್ರಾಸ್ಬಿ ಎಂಬ ಕಡಲ ತಡಿಯಲ್ಲಿ ಆಂಟನಿ ಗಾರ್ಮ್ಲಿ ಎಂಬ ಶಿಲ್ಪಿಯ ನೂರು ಎರಕದ ಕಬ್ಬಿಣದ ಪುರುಷಾಕೃತಿಗಳು 2005ರಿಂದ ಕಡಲಿಗೆ ಮುಖಮಾಡಿ ನಿಂತಿವೆ. ಭರತದ ವೇಳೆ ಮುಳುಗಿ, ಇಳಿತದ ವೇಳೆ ಮೇಲೇಳುತ್ತವೆ. ಜಪಾನಿನ ಸೆಟೊ ಒಳಗಡಲಿನ ದ್ವೀಪಗಳಲ್ಲಿ 2010ರಿಂದ ಮೂರು ವರ್ಷಕ್ಕೊಮ್ಮೆ ಕಲೋತ್ಸವ ನಡೆಯುತ್ತಿದೆ. ಇವುಗಳ ಚಿತ್ರಗಳನ್ನು ಕಂಡು ಬೆರಗಾಗುವ ನಮ್ಮ ವಿದ್ಯಾರ್ಥಿಗಳು, ಅಂತಹುದೊಂದು ದಾರಿ ನಮ್ಮ ಕರಾವಳಿಯಲ್ಲಿಯೇ ಆರು ಶತಮಾನಗಳಿಂದ ಇರುವುದನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ. ಮೂಡಬಿದರೆ, ಕಾರ್ಕಳ, ವೇಣೂರುಗಳನ್ನು ಕೂಡಿಸುವ ಆ ದಾರಿಯನ್ನು ಯಾತ್ರಿಕರು ತುಳಿದಿದ್ದಾರೆ, ಪ್ರಾಕ್ತನ ವಿದ್ವಾಂಸರು ಅಳೆದಿದ್ದಾರೆ. ಅದನ್ನು ಕಲೆಯ ದಾರಿಯೆಂದು ನಡೆದು ನೋಡುವ ಕೆಲಸ ನಮಗೆ ಉಳಿದಿದೆ.

ಘಟ್ಟವಿಳಿದ ಸಂಕಲ್ಪ

ಈ ದಾರಿಯ ಮೊದಲ ಮೈಲಿಗಲ್ಲು ಕರಾವಳಿಯಲ್ಲಿಲ್ಲ, ನಮ್ಮ ನೆರೆಯಲ್ಲಿಯೇ ಇದೆ. ಮೈಸೂರಿನಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ, ಹುಣಸೂರು ತಾಲೂಕಿನ ಬಿಳಿಕೆರೆಯ ಕಡೆ, ಗೊಮ್ಮಟಗಿರಿಯೆಂಬ ಸಣ್ಣ ಬಂಡೆಗುಡ್ಡವಿದೆ. ಅದರ ನೆತ್ತಿಯ ಮೇಲೆ ಹದಿನಾರು ಹದಿನೆಂಟು ಅಡಿಯ ಬಾಹುಬಲಿ ಒಬ್ಬನೇ ನಿಂತಿದ್ದಾನೆ. ಸುತ್ತಲೂ ಹೊಲ, ಬಯಲು, ಗಾಳಿ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರಲ್ಲಿ ನಿಲ್ಲಿಸಿದ 58 ಅಡಿಯ ಮಹಾಮೂರ್ತಿಯ ಮುಂದೆ ಇದು ಬಾಲಕ. ಆದರೂ ಬಯಲಲ್ಲಿ ನಿಲ್ಲುವ ಮೂರ್ತಿಗೆ ಬೇಕಾದುದೇನೆಂಬುದನ್ನು ಈ ಬಾಲಕನೇ ನಮಗೆ ಸುಲಭವಾಗಿ ಕಲಿಸಬಲ್ಲನು. ಅವನ ತಲೆಯ ಮೇಲೆ ಗರ್ಭಗುಡಿಯ ಕತ್ತಲೆಯಿಲ್ಲ. ಬೆಳಗಿನಲ್ಲಿ ಒಂದು ಮುಖ, ನಡುಹಗಲಿನಲ್ಲಿ ಒಂದು ಮುಖ, ಸಂಜೆಗೆ ಇನ್ನೊಂದು ಮುಖ. ಅವನ ಭಾವವನ್ನು ತಿದ್ದುವವನು ಸೂರ್ಯ.

ಬಾಹುಬಲಿಗೆ ಬಯಲೇ ಏಕೆ ಬೇಕಾಯಿತೆಂಬುದು ಅವನ ಕಥೆಯಲ್ಲಿಯೇ ಇದೆ. ಅಣ್ಣ ಭರತನನ್ನು ಗೆದ್ದು, ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ಬಿಟ್ಟು, ಕಾಡಿನಲ್ಲಿ ನಿಂತ ನಿಲುವಿನಲ್ಲಿ ತಪಸ್ಸು ಮಾಡಿದವನು ಅವನು. ಕಾಲ ಬಳಿ ಹುತ್ತ ಬೆಳೆಯಿತು, ಹಾವು ಹೊರಳಿತು, ಬಳ್ಳಿ ತೊಡೆಯನ್ನೂ ತೋಳನ್ನೂ ಹಬ್ಬಿತು. ಪಂಪನು 941ರಲ್ಲಿ ಮುಗಿಸಿದ ಆದಿಪುರಾಣದಿಂದ ಕನ್ನಡಿಗರಿಗೆ ಈ ಕಥೆ ಪರಿಚಿತ. ಮಳೆ ಬಿಸಿಲುಗಳನ್ನು ಅಲುಗದೆ ಸಹಿಸಿದವನ ಮೂರ್ತಿಗೆ ಮಳೆ ಬಿಸಿಲುಗಳನ್ನು ಮರೆಮಾಡುವುದು ಕಥೆಯನ್ನೇ ಅಲ್ಲಗಳೆದಂತೆ. ಆದ್ದರಿಂದ ಬಯಲಲ್ಲಿ ನಿಂತ ಶಿಲೆ ಬಾಹುಬಲಿಯ ಚಿತ್ರ ಮಾತ್ರವಲ್ಲ. ಅದು ಅವನ ತಪಸ್ಸನ್ನು ಮುಂದುವರಿಸುತ್ತಿದೆ.

ಈ ಸಂಕಲ್ಪ ಕರಾವಳಿಗೆ ಇಳಿದುದರಲ್ಲಿ ಮೈಸೂರು ಸೀಮೆಯ ಪಾಲೂ ಇದೆ. ಕಾರ್ಕಳದ ಮೂರ್ತಿಯನ್ನು ನಿಲ್ಲಿಸಿದ ಅರಸನಿಗೆ ಉಪದೇಶ ಮಾಡಿದ ಗುರು ಲಲಿತಕೀರ್ತಿ ಮುನಿಯನ್ನು ಅಲ್ಲಿಯ ಶಾಸನ ಪನಸೋಗೆಯ ಪರಂಪರೆಯವನೆಂದು ಕರೆಯುತ್ತದೆ. ಪನಸೋಗೆಯೆಂದರೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಕಡೆಯ ಇಂದಿನ ಚಿಕ್ಕ ಹನಸೋಗೆ. ಇಂದು ಹಳೆಯ ಬಸದಿಯೊಂದರಿಂದ ಮಾತ್ರ ಗುರುತು ಸಿಕ್ಕುವ ಆ ಹಳ್ಳಿಯ ಹೆಸರು, ಘಟ್ಟದಾಚೆ 42 ಅಡಿಯ ಕಲ್ಲಿನ ಪಕ್ಕದಲ್ಲಿ ಇನ್ನೂ ಓದಿಗೆ ಸಿಕ್ಕುತ್ತದೆ. ವೇಣೂರಿನ ಮೂರ್ತಿಗೆ ಪ್ರೇರಣೆಯಿತ್ತವನೂ ಬೆಳಗೊಳದ ಚಾರುಕೀರ್ತಿ ಮುನಿ. ಉಪದೇಶ ಮೇಲಿನಿಂದ ಕೆಳಕ್ಕೆ ಇಳಿಯಿತು. ಕಡೆಯುವ ಕೈ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗೆ ಶಾಸನ ಉತ್ತರ ಕೊಡುವುದಿಲ್ಲ. ಆ ಉತ್ತರಕ್ಕಾಗಿ ನಾವು ಬೇರೊಬ್ಬರ ಬಳಿಗೆ ಹೋಗಬೇಕಾಗುವುದು.

ಮುರಕಲ್ಲಿನ ನಾಡಿನಲ್ಲಿ ಕರಿಯ ಪಾದೆ

ಘಟ್ಟವಿಳಿದೊಡನೆ ಮಣ್ಣಿನ ಬಣ್ಣ ಬದಲಾಗುತ್ತದೆ. ತುಳುನಾಡಿನ ನೆಲ ಮುರಕಲ್ಲಿನ ನೆಲ. ಮನೆಯ ಗೋಡೆ, ಬಾವಿಯ ಒಳಬದಿ, ತೋಟದ ಅಗಳು, ಎಲ್ಲವೂ ಆ ಕೆಂಪುಕಲ್ಲೇ. ನೆಲದಡಿಯಲ್ಲಿ ಮೆತ್ತಗಿದ್ದು ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವ ಈ ಕಲ್ಲು ಕಟ್ಟುವವನಿಗೆ ವರ. ಆದರೆ ಮೈಯೆಲ್ಲ ತೂತು ತೂತಾದ ಅದರಲ್ಲಿ ಕಣ್ಣಿನ ರೆಪ್ಪೆಯನ್ನಾಗಲಿ ಬೆರಳಿನ ಉಗುರನ್ನಾಗಲಿ ಕಡೆಯುವಂತಿಲ್ಲ. ಈ ಕೆಂಪು ಹಾಸಿನ ನಡುವೆ ಅಲ್ಲಲ್ಲಿ ಆನೆಯ ಬೆನ್ನಿನಂತೆ ತಲೆಯೆತ್ತುವ ಕರಿಯ ಬಂಡೆಗಳನ್ನು ಅಲ್ಲಿಯವರು ಪಾದೆಯೆನ್ನುವರು. ಕಾರ್ಕಳ ಅಂತಹ ಪಾದೆಗಳ ಊರು. ಊರಿನ ಹೆಸರೇ ಕರಿಕಲ್ಲಿನಿಂದ ಬಂದಿತೆಂದು ಹೇಳುವವರುಂಟು. ತುಳುನಾಡಿನ ಮಹಾಮೂರ್ತಿಗಳಿಗೆ ಕಾರ್ಕಳದ ಸೀಮೆ ತವರಾದುದಕ್ಕೆ ಅರಸರ ಭಕ್ತಿಯೊಡನೆ ನೆಲದ ಗುಣವೂ ಕಾರಣ.

ಇನ್ನೊಂದು ಕಾರಣ ಮಳೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ ಬಿದ್ದರೆ, ಘಟ್ಟದ ಬುಡದ ಈ ಸೀಮೆಯಲ್ಲಿ 4000 ಮಿಲಿಮೀಟರನ್ನು ಮೀರುತ್ತದೆ. ಇಲ್ಲಿ ಮರ ಕೊಳೆಯುತ್ತದೆ, ಗಾರೆ ಉದುರುತ್ತದೆ, ಸುಣ್ಣ ಒಂದೇ ಮಳೆಗಾಲದಲ್ಲಿ ಹಸುರಾಗುತ್ತದೆ. ಮೂಡಬಿದರೆಯಲ್ಲಿ 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು, ಜನರ ಬಾಯಲ್ಲಿ ಸಾವಿರಕಂಬದ ಬಸದಿಯನ್ನು, ನೋಡಿದರೆ ಈ ಮಳೆಗೆ ಶಿಲ್ಪಿ ಕೊಟ್ಟ ಉತ್ತರ ಗೊತ್ತಾಗುತ್ತದೆ. ಹೊಯ್ಸಳರ ಗೋಪುರವಿಲ್ಲ, ಚೋಳರ ವಿಮಾನವಿಲ್ಲ. ಒಂದರ ಮೇಲೊಂದು ಇಳಿಬಿಟ್ಟ ಮಾಡುಗಳು. ಬಸದಿಯ ಮುಂದೆ ಮಾನಸ್ತಂಭ ಮಾತ್ರ ಬರಿ ಆಕಾಶದಡಿಯಲ್ಲಿ ನೆಟ್ಟಗೆ ನಿಂತಿದೆ. 19ನೆಯ ಶತಮಾನದ ಕಲಾವಿಮರ್ಶಕ ಫರ್ಗುಸನ್ನನಿಗೆ ಈ ಮಾಡುಗಳನ್ನು ಕಂಡು ನೇಪಾಳದ ನೆನಪಾಯಿತು. ಅಷ್ಟು ದೂರ ಹೋಗಬೇಕಾದುದಿಲ್ಲವೆಂದು ತೋರುತ್ತದೆ; ಪಕ್ಕದ ಗದ್ದೆಯಂಚಿನ ಮುಳಿಹುಲ್ಲಿನ ಮನೆಯೂ ಹೀಗೆಯೇ ಮಳೆಯನ್ನು ಜಾರಿಸುತ್ತಿತ್ತು. ದೊಡ್ಡ ಶಿಲ್ಪಕ್ಕೆ ಗುರುವಾದುದು ರೈತನ ಮಾಡು.

ಕಾರ್ಕಳದ ಬೆಟ್ಟ

ಮೂಡಬಿದರೆಯಿಂದ ಕಾರ್ಕಳಕ್ಕೆ ಹದಿನೆಂಟು ಕಿಲೋಮೀಟರು. ಊರ ಅಂಚಿನಲ್ಲಿ ಸುಮಾರು 300 ಅಡಿಯ ಒಂಟಿ ಬಂಡೆಬೆಟ್ಟ. ಬಂಡೆಯಲ್ಲಿಯೇ ಕೊರೆದ ಮೆಟ್ಟಿಲುಗಳು. ಹತ್ತುತ್ತ ಹೋದಂತೆ ಮೊದಲು ಪ್ರಾಕಾರದ ಗೋಡೆಯ ಮೇಲೆ ಒಂದು ತಲೆ ಕಾಣುತ್ತದೆ, ಬಳಿಕ ಭುಜ. ಒಳಹೊಕ್ಕಾಗ ಪೂರ್ಣಮೂರ್ತಿ ಮೈದೋರುತ್ತದೆ. ಶಕವರ್ಷ 1353ರ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಎಂದರೆ 1432ರ ಫೆಬ್ರವರಿ 13ರಂದು, ಭೈರವೇಂದ್ರನ ಮಗ ವೀರಪಾಂಡ್ಯನು ಇದನ್ನು ಪ್ರತಿಷ್ಠೆ ಮಾಡಿಸಿದನು. ನಾಲ್ಕು ವರ್ಷಗಳ ಬಳಿಕ, 1436ರಲ್ಲಿ, ಎದುರಿಗೆ ಬ್ರಹ್ಮದೇವರ ಕಂಬವನ್ನು ನಿಲ್ಲಿಸಿದನು.

ಬೆಳಗೊಳದ ಮೂರ್ತಿಗೂ ಇದಕ್ಕೂ ಒಂದು ಮುಖ್ಯ ಭೇದವಿದೆ. ಅಲ್ಲಿ ಬೆಟ್ಟದ ನೆತ್ತಿಯನ್ನೇ ಕಡೆದು ಮೂರ್ತಿ ಮಾಡಿದರು. ಬೇಡದ ಕಲ್ಲನ್ನು ತೆಗೆದುಹಾಕಿದಾಗ ಉಳಿದದ್ದು ಬಾಹುಬಲಿ. ಇಲ್ಲಿಯಾದರೋ ಬೇರೆಡೆಯಲ್ಲಿ ಕಡೆದ ಕಲ್ಲನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ನಿಲ್ಲಿಸಿದರೆಂಬುದು ಪರಂಪರೆ. 17ನೆಯ ಶತಮಾನದ ಚಂದ್ರಮನೆಂಬ ಕವಿ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ಇಪ್ಪತ್ತು ಗಾಲಿಗಳ ಬಂಡಿಯನ್ನು ಹೂಡಿ ಜನರು ಮೂರ್ತಿಯನ್ನು ಎಳೆದು ಹತ್ತಿಸಿದುದನ್ನು ಹಾಡಿದ್ದಾನೆ. ಕವಿಯ ಎಣಿಕೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಲಿ. ಎಂಬತ್ತು ಟನ್ನಿನಷ್ಟು ಎಂದು ಅಂದಾಜು ಮಾಡಿರುವ ಕಲ್ಲು ಈ ಇಳಿಜಾರಿನಲ್ಲಿ ಏರಿದುದು ಹಗ್ಗ, ತೊಲೆ, ಗಾಲಿ, ಮನುಷ್ಯರ ಭುಜ ಇವುಗಳಿಂದಲ್ಲದೆ ಬೇರೆ ಯಾವುದರಿಂದಲೂ ಅಲ್ಲ. ಮೂರ್ತಿಯ ಪಾದದ ಬಳಿ ನಿಂತು ಕೆಳಗೆ ನೋಡುವವನಿಗೆ ಮುಖಶಾಂತಿಗಿಂತ ಮೊದಲು ಈ ಭಾರದ ಅರಿವಾಗಬೇಕು.

ಕೆಳಗೆ ಎದುರು ದಿಣ್ಣೆಯ ಮೇಲೆ ಚತುರ್ಮುಖ ಬಸದಿ ಕಾಣುತ್ತದೆ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಇದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು, ನೂರೆಂಟು ಕಂಬಗಳು, ನಾಲ್ಕು ಮುಖದಲ್ಲಿಯೂ ಅರ, ಮಲ್ಲಿ, ಮುನಿಸುವ್ರತರೆಂಬ ಅವೇ ಮೂವರು ತೀರ್ಥಂಕರರು. ಯಾವ ದಿಕ್ಕಿನಿಂದ ಬಂದವನಿಗೂ ಅದೇ ದರ್ಶನ. ಮೇಲೆ ಬೆಟ್ಟದಲ್ಲಿ ಒಂದೇ ಮೂರ್ತಿ ಎಲ್ಲ ದಿಕ್ಕಿಗೂ ಕಾಣುವುದು. ಕೆಳಗೆ ಒಂದೇ ಮನೆ ಎಲ್ಲ ದಿಕ್ಕಿಗೂ ತೆರೆದಿರುವುದು. ನೂರೈವತ್ತು ವರ್ಷಗಳ ಅಂತರದಲ್ಲಿ ಆದ ಎರಡು ಕಟ್ಟಣೆಗಳು ಒಂದರ ಮಾತನ್ನು ಒಂದು ಮುಂದುವರಿಸಿದಂತೆ ತೋರುತ್ತವೆ. ಪೂರ್ವಕ್ಕೆ ಘಟ್ಟದ ನೀಲಿ ಗೋಡೆ, ಪಶ್ಚಿಮಕ್ಕೆ ತೆಂಗು ಕಂಗುಗಳ ಹಸುರು ಕಡಲ ಕಡೆಗೆ ಇಳಿಯುವ ನೋಟ. ಈ ಹಿನ್ನೆಲೆಯಿಂದ ಮೂರ್ತಿಯನ್ನು ಬೇರ್ಪಡಿಸಿ ಭಾವಿಸುವುದು ಸಾಧ್ಯವಿಲ್ಲ.

ಪಾಡ್ದನದ ಸಾಕ್ಷ್ಯ

ಶಾಸನ ಅರಸನ ಹೆಸರು ಹೇಳುತ್ತದೆ. ಅವನ ತಂದೆಯ ಹೆಸರು, ವಂಶ, ಗುರು, ಗುರುವಿನ ಗಣ, ಸಂವತ್ಸರ, ತಿಥಿ ಎಲ್ಲವನ್ನೂ ಹೇಳುತ್ತದೆ. ಕಡೆದವನ ಹೆಸರನ್ನು ಹೇಳುವುದಿಲ್ಲ. ಇದು ಎಲ್ಲೆಡೆಯ ರೂಢಿಯಾಗಿರಲಿಲ್ಲವೆಂಬುದು ಗಮನಾರ್ಹ. ನಮ್ಮ ಸೋಮನಾಥಪುರದಲ್ಲಿ 13ನೆಯ ಶತಮಾನದ ಮಲ್ಲಿತಮ್ಮನು ತಾನು ಕಡೆದ ಮೂರ್ತಿಗಳ ಪೀಠದಲ್ಲಿ ಮತ್ತೆ ಮತ್ತೆ ತನ್ನ ಹೆಸರನ್ನು ಕೊರೆದಿದ್ದಾನೆ. ಬೇಲೂರಿನಲ್ಲಿ ದಾಸೋಜನ ಹೆಸರು ಸಿಕ್ಕುತ್ತದೆ. ಕಾರ್ಕಳದಲ್ಲಿ 42 ಅಡಿಯ ಕಲ್ಲಿನಲ್ಲಿ ಶಿಲ್ಪಿಯ ಹೆಸರಿಗೆ ಒಂದು ಅಂಗುಲ ಜಾಗ ದೊರೆಯಲಿಲ್ಲ.

ಆ ಹೆಸರನ್ನು ಉಳಿಸಿದವರು ಅಕ್ಷರವರಿಯದವರು. ತುಳುನಾಡಿನಲ್ಲಿ ದೈವಗಳ ಹುಟ್ಟು ಮತ್ತು ಸಂಚಾರವನ್ನು ಹಾಡುವ ದೀರ್ಘಗೀತಗಳಿಗೆ ಪಾಡ್ದನಗಳೆಂದು ಹೆಸರು. ಕೋಲ ನೇಮಗಳಲ್ಲಿ ದೈವಪಾತ್ರಿಗಳ ಮನೆಯವರು ಅವನ್ನು ಹಾಡುವರು. ನಾಟಿಯ ಗದ್ದೆಯಲ್ಲಿ ಕೆಸರಲ್ಲಿ ನಿಂತ ಹೆಂಗಸರೂ ಹಾಡುವರು. ಮಂಗಳೂರಿನ ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ಪಾಡ್ದನಗಳ ಸಂಗ್ರಹವೊಂದನ್ನು ಅಚ್ಚುಹಾಕಿಸಿದನು. ಬರ್ನೆಲ್ ಎಂಬ ಆಂಗ್ಲ ಅಧಿಕಾರಿ ಕೂಡಿಸಿದ ಹಾಡುಗಳು ಅವನು ತೀರಿಕೊಂಡ ಮೇಲೆ 1890ರ ದಶಕದಲ್ಲಿ ಪ್ರಕಟವಾದುವು. ಅವುಗಳಲ್ಲಿ ಕಲ್ಕುಡನ ಕಥೆಯೂ ಒಂದು. ಪಾಠಾಂತರಗಳು ಹಲವಾದರೂ ಕಥೆಯ ಎಲುಬು ಒಂದೇ.

ಶಂಭು ಕಲ್ಕುಡನೆಂಬ ಕಲ್ಲುಕುಟಿಗನಿಗೆ ಬೆಳಗೊಳದಿಂದ ಕರೆ ಬರುತ್ತದೆ. ಬಸುರಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಅವನು ಘಟ್ಟ ಹತ್ತುತ್ತಾನೆ. ಇತ್ತ ಅವಳಿಮಕ್ಕಳು ಹುಟ್ಟುತ್ತಾರೆ, ಒಬ್ಬ ಗಂಡು, ಒಬ್ಬಳು ಹೆಣ್ಣು. ತಂದೆಯಿಲ್ಲದ ಮಗನೆಂಬ ಹಂಗಿಸುವ ಮಾತನ್ನು ಸಹಿಸದೆ ಹುಡುಗ ಬೀರ ಕಲ್ಕುಡ ಉಳಿ ಸುತ್ತಿಗೆಗಳನ್ನು ಹಿಡಿದು ತಂದೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ತಂದೆಯ ಕೆಲಸದಲ್ಲಿ ಮಗ ದೋಷವನ್ನು ತೋರಿಸುತ್ತಾನೆ, ಕಲ್ಲಿನೊಳಗೆ ಕಪ್ಪೆ. ಅಭಿಮಾನ ಮುರಿದ ತಂದೆ ತನ್ನ ಆಯುಧದಿಂದ ತಾನೇ ಪ್ರಾಣ ನೀಗುತ್ತಾನೆ. ತಂದೆಯ ಕೆಲಸವನ್ನು ಮುಗಿಸಿದ ಮಗನನ್ನು ಕಾರ್ಕಳದ ಭೈರರಸ ಕರೆಯಿಸುತ್ತಾನೆ. ಅವನು ಗೊಮ್ಮಟನನ್ನು ಕಡೆಯುತ್ತಾನೆ. ಊರೆಲ್ಲ ಕೂಡಿದರೂ ಏಳದ ಮೂರ್ತಿಯನ್ನು ತಾನೇ ಎತ್ತಿ ನಿಲ್ಲಿಸುತ್ತಾನೆ. ಸಂಜೆಗೆ ಉಡುಗೊರೆ ಕೊಡುವೆನೆಂದ ಅರಸ, ಇಂತಹ ಕೆಲಸ ಇನ್ನೊಂದು ರಾಜ್ಯದಲ್ಲಿ ಆಗಬಾರದೆಂದು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಕಲ್ಕುಡ ಉಳಿದ ಒಂದು ಕೈ ಒಂದು ಕಾಲಿನೊಡನೆ ವೇಣೂರಿಗೆ ಹೋಗಿ ಅಜಿಲರಸನಿಗಾಗಿ ಮತ್ತೊಬ್ಬ ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣನನ್ನು ಅರಸಿಕೊಂಡು ಬಂದ ತಂಗಿ ಈ ಸ್ಥಿತಿಯನ್ನು ಕಾಣುತ್ತಾಳೆ. ಇಬ್ಬರೂ ಮಾಯವಾಗುತ್ತಾರೆ, ಕಲ್ಕುಡ, ಕಲ್ಲುರ್ಟಿಯರೆಂಬ ದೈವಗಳಾಗಿ ಮರಳಿ ಬಂದು ಕಾರ್ಕಳವನ್ನು ಉರಿಸುತ್ತಾರೆ.

ಇತಿಹಾಸಕಾರನು ಇಲ್ಲಿ ತಲೆಯಲ್ಲಾಡಿಸುವುದು ಸಹಜ. ಬೆಳಗೊಳದ ಮೂರ್ತಿ 981ರದು, ಕಾರ್ಕಳದ್ದು 1432ರದು, ವೇಣೂರಿನದು 1604ರದು. 623 ವರ್ಷಗಳನ್ನು ಪಾಡ್ದನ ತಂದೆ ಮಗ ಇಬ್ಬರ ಬಾಳಿನಲ್ಲಿ ಮಡಚಿಟ್ಟಿದೆ. ವೀರಪಾಂಡ್ಯನು ಶಿಲ್ಪಿಯ ಕೈ ಕಡಿಸಿದನೆಂಬುದಕ್ಕೆ ಯಾವ ಶಾಸನದ ಆಧಾರವೂ ಇಲ್ಲ. ಹಾಡನ್ನು ಆಧರಿಸಿ ಅವನನ್ನು ಅಪರಾಧಿಯೆನ್ನುವುದು ನ್ಯಾಯವಲ್ಲ. ಆದರೆ ಪಾಡ್ದನ ತಾರೀಖನ್ನು ಹೇಳಲು ಹೊರಟದ್ದೇ ಅಲ್ಲ. ಮೂರು ಮೂರ್ತಿಗಳೂ ಒಂದೇ ಕುಲದ ಕೈಯಿಂದ ಬಂದುವು, ಆ ಕೈಗೆ ಕೂಲಿಯ ಬದಲು ಗಾಯ ಸಿಕ್ಕಿತು ಎಂಬುದು ಅದು ಹೇಳುವ ಸಂಗತಿ. ಶಾಸನದ ಪ್ರಕಾರ ಸಂಕಲ್ಪ ಘಟ್ಟದ ಮೇಲಿನಿಂದ ಕೆಳಗಿಳಿಯಿತು. ಪಾಡ್ದನದ ಪ್ರಕಾರ ಕೈ ಘಟ್ಟದ ಕೆಳಗಿನಿಂದ ಮೇಲೇರಿತು. ಒಂದೇ ದಾರಿಯನ್ನು ಎರಡು ತುದಿಗಳಿಂದ ಹೇಳಿದ ಈ ಎರಡು ಮಾತುಗಳನ್ನೂ ಕೇಳದವನಿಗೆ ಆ ದಾರಿ ಪೂರ್ತಿ ತಿಳಿಯದು.

ಬಯಲುಸೀಮೆಯ ಜಕಣಾಚಾರಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ತಂದೆ ಮಗ. ಅಲ್ಲಿಯೂ ಮಗ ಕಂಡುಹಿಡಿದ ದೋಷ. ಬೇಲೂರಿನ ಕಪ್ಪೆ ಚೆನ್ನಿಗರಾಯನಲ್ಲಿ ಅದೇ ಕಪ್ಪೆ. ಆದರೆ ಜಕಣಾಚಾರಿ ಮಾತಿಗೆ ಕಟ್ಟುಬಿದ್ದು ತನ್ನ ಬಲಗೈಯನ್ನು ತಾನೇ ಕಡಿದುಕೊಳ್ಳುತ್ತಾನೆ. ಕೈದಾಳದಲ್ಲಿ ದೇವಾಲಯ ಕಟ್ಟಿದ ಮೇಲೆ ದೇವರು ಕೈಯನ್ನು ಮರಳಿ ಕೊಡುತ್ತಾನೆ. ಕಥೆ ಸಮಾಧಾನದಲ್ಲಿ ಮುಗಿಯುತ್ತದೆ. ಕರಾವಳಿಯ ಹಾಡಿನಲ್ಲಿ ಕೈ ಕಡಿದವನು ಅರಸ. ಹೋದ ಕೈಯನ್ನು ಯಾರೂ ಮರಳಿ ಕೊಡುವುದಿಲ್ಲ. ಕಡಿಸಿಕೊಂಡವನೇ ದೈವವಾಗುತ್ತಾನೆ, ಅರಸನ ವಂಶದವರೂ ಊರವರೂ ಅವನ ಮುಂದೆ ಕೈಮುಗಿದು ನಿಲ್ಲಬೇಕಾಗುತ್ತದೆ. ಎರಡು ಸೀಮೆಗಳ ಮನೋಧರ್ಮದಲ್ಲಿ ಇರುವ ಭೇದವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ನನಗೆ ತಿಳಿದಿಲ್ಲ. ಬೆಟ್ಟದ ಮೇಲೆ ರಾಗದ್ವೇಷಗಳನ್ನು ಗೆದ್ದವನ ಮೂರ್ತಿ. ಬೆಟ್ಟದ ಕೆಳಗೆ ಅದನ್ನು ಕಡೆದವನ ಅಳಿಯದ ರೋಷ. ಎರಡಕ್ಕೂ ತುಳುನಾಡು ಪೂಜೆ ಸಲ್ಲಿಸುತ್ತಿದೆ.

ವೇಣೂರಿನ ನಗೆ

ವೇಣೂರು ಫಲ್ಗುಣಿ ನದಿಯ ದಂಡೆಯ ಸಣ್ಣ ಊರು. 1604ರ ಫಾಲ್ಗುಣದಲ್ಲಿ ತಿಮ್ಮಣ್ಣ ಅಜಿಲ ಇಲ್ಲಿ 35 ಅಡಿಯ ಬಾಹುಬಲಿಯನ್ನು ಪ್ರತಿಷ್ಠಿಸಿದನು. ಶಾಸನ ಅವನನ್ನು ಚಾವುಂಡರಾಯನ ವಂಶದವನೆಂದು ಹೊಗಳುತ್ತದೆ. ಕಾರ್ಕಳದ ಅರಸನಿಗೆ ಈ ಪ್ರಯತ್ನ ಸಹನೆಯಾಗಲಿಲ್ಲ, ಮೂರ್ತಿಯನ್ನು ಕಾರ್ಕಳಕ್ಕೆ ಒಪ್ಪಿಸೆಂದು ದಂಡೆತ್ತಿ ಬಂದನು, ಅಜಿಲನು ಮೂರ್ತಿಯನ್ನು ನದಿಯ ಮರಳಿನಲ್ಲಿ ಹೂಳಿಸಿ ಕಾಪಾಡಿದನು ಎಂದು ಐತಿಹ್ಯವಿದೆ. ತ್ಯಾಗದ ಮೂರ್ತಿಗಾಗಿ ಇಬ್ಬರು ಅರಸರ ಜಗಳ! ರಾಜ್ಯವನ್ನು ಬಿಟ್ಟು ನಡೆದವನ ಹೆಸರಿನಲ್ಲಿ ರಾಜ್ಯಾಭಿಮಾನ ಹೇಗೆ ಹೆಡೆಯೆತ್ತಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಕಾರ್ಕಳದ ಮೂರ್ತಿ ಬೆಟ್ಟದ ಮೇಲಿದ್ದು ದೂರದಿಂದ ಕರೆಯುತ್ತದೆ. ವೇಣೂರಿನದು ನದಿಯ ಮಟ್ಟದಲ್ಲಿದ್ದು ಹತ್ತಿರ ಹೋದವನಿಗೆ ಮಾತ್ರ ದೊರೆಯುತ್ತದೆ. ಕೆನ್ನೆಯಲ್ಲಿ ಗುಳಿ ಬಿದ್ದ ನಗೆ ಇದರ ವಿಶೇಷ. ಬೆಳಗೊಳದ ಮುಗುಳುನಗೆ ಲೋಕವನ್ನು ಮೀರಿದವನದು. ಇಲ್ಲಿಯದು ಲೋಕವನ್ನು ಕ್ಷಮಿಸಿದವನ ನಗೆಯಂತೆ ಕಾಣುತ್ತದೆ. ಇದು ಒಂಟಿಕೈಯಲ್ಲಿ ಕಡೆದದ್ದೆಂಬ ಹಾಡನ್ನು ಕೇಳಿ ಬಂದವನು ಆ ಗುಳಿಯನ್ನು ಬರಿಯ ಅಲಂಕಾರವೆಂದು ನೋಡಲಾರನು. ಕಲ್ಲು ಅದೇ, ಉಳಿಯ ಗುರುತು ಅದೇ. ಹಾಡು ಅದಕ್ಕೆ ಇನ್ನೊಂದು ಬೆಳಕನ್ನು ತರುತ್ತದೆ.

ಕೊಳೆಯುವ ಕಲೆ, ಉಳಿಯುವ ಕಲೆ

ಕರಾವಳಿಯ ಬಯಲು ಕಲೆಯೆಲ್ಲ ಕಲ್ಲಿನದಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರನ ಗುಡಿಯಲ್ಲಿ ಕೆಂಪು ಹಳದಿ ಬಣ್ಣಗಳಿಂದ ಬೆಳಗುವ ಮರದ ಭೂತಮೂರ್ತಿಗಳ ಪರಿವಾರವಿದೆ. ಅಲ್ಲಿಯ ಹಳೆಯ ಮೂರ್ತಿಗಳಲ್ಲಿ ಹಲವು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಮರದ ಮೂರ್ತಿ ಮುಪ್ಪಾದರೆ ಅದನ್ನು ಬಿಟ್ಟುಕೊಟ್ಟು ಹೊಸದನ್ನು ಕಡೆಯುವುದು ಆ ಪರಂಪರೆಯ ಧರ್ಮ. ಉಳಿಯಬೇಕಾದುದು ಮರವಲ್ಲ, ಕಡೆಯುವ ವಿದ್ಯೆ. ದೆಹಲಿಯಲ್ಲಿ ಮರ ಉಳಿದಿದೆ. ಆದರೆ ಅದಕ್ಕೆ ಕೋಲದ ರಾತ್ರಿಯಿಲ್ಲ, ತೆಂಬರೆಯ ಸದ್ದಿಲ್ಲ. ಅದನ್ನು ಒಯ್ಯದಿದ್ದರೆ ಗೆದ್ದಲು ತಿನ್ನುತ್ತಿತ್ತೆಂಬುದೂ ನಿಜ. ಈ ಎರಡು ನಿಜಗಳ ನಡುವೆ ಸುಲಭವಾದ ತೀರ್ಪಿಲ್ಲ.

ಕಡೆಯುವ ವಿದ್ಯೆ ಕಾರ್ಕಳದಲ್ಲಿ ಕೈಬಿಟ್ಟುಹೋಗಲಿಲ್ಲ. 20ನೆಯ ಶತಮಾನದಲ್ಲಿ ಅದೇ ಊರಿನ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಇಳಿವಯಸ್ಸಿನಲ್ಲಿ 39 ಅಡಿಯ ಬಾಹುಬಲಿಯನ್ನು ಕಡೆದರು. 1973ರಲ್ಲಿ ಅದನ್ನು ಬಹುಚಕ್ರಗಳ ಯಂತ್ರವಾಹನದ ಮೇಲೆ ಧರ್ಮಸ್ಥಳಕ್ಕೆ ಸಾಗಿಸಿದರು. 1982ರಲ್ಲಿ ಅಲ್ಲಿಯ ರತ್ನಗಿರಿಯ ಮೇಲೆ ಅದರ ಪ್ರತಿಷ್ಠೆಯಾಯಿತು. ಚಂದ್ರಮನ ಬಂಡಿಯ ಗಾಲಿಗಳು ಮತ್ತೊಮ್ಮೆ ಉರುಳಿದುವು. ಈ ಬಾರಿ ಶಿಲ್ಪಿಯ ಹೆಸರು ನಾಡಿಗೆಲ್ಲ ತಿಳಿಯಿತು. ಐದು ನೂರು ವರ್ಷಗಳಲ್ಲಿ ಆದ ಮುನ್ನಡೆಯನ್ನು ಅಳೆಯಲು ಇದೊಂದು ಅಳತೆಗೋಲು ಸಾಕು.

ಆದರೆ ಎಲ್ಲವೂ ಮುನ್ನಡೆಯಲ್ಲ. ಕಾರ್ಕಳ ತಾಲೂಕಿನ ಬೈಲೂರಿನ ಬೆಟ್ಟದ ಮೇಲೆ 2023ರ ಜನವರಿಯಲ್ಲಿ ಪರಶುರಾಮನ 33 ಅಡಿಯ ಪ್ರತಿಮೆಯೊಂದು ಉದ್ಘಾಟನೆಯಾಯಿತು. ಅದು ಹೇಳಿದಂತೆ ಕಂಚಿನದೇ ಅಲ್ಲವೇ ಎಂಬ ಪ್ರಶ್ನೆ ಕೆಲವೇ ತಿಂಗಳುಗಳಲ್ಲಿ ಎದ್ದಿತು. ವರ್ಷ ಮುಗಿಯುವುದರೊಳಗೆ ಪ್ರತಿಮೆಯ ಮೇಲಿನ ಭಾಗವನ್ನು ಇಳಿಸಲಾಯಿತು. ವಿವಾದ ತನಿಖೆಗೂ ನ್ಯಾಯಾಲಯಕ್ಕೂ ಹೋಯಿತು. ತಪ್ಪು ಯಾರದೆಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಬಯಲಿನಲ್ಲಿ ನಿಲ್ಲಿಸಿದ ಕಲೆಗೆ ವಸ್ತುವಿನ ಸತ್ಯವೇ ಮೊದಲ ಸತ್ಯವೆಂಬುದನ್ನು ಮಾತ್ರ ನಾವು ಇದರಿಂದ ಕಲಿಯಬಹುದು. ಮಳೆ ಪಕ್ಷಪಾತವರಿಯದ ವಿಮರ್ಶಕ. ಅದು ಪಕ್ಕದ ಬೆಟ್ಟದ ಕಲ್ಲನ್ನು ಆರು ಶತಮಾನಗಳಿಂದ ಪರೀಕ್ಷಿಸುತ್ತ ಬಂದಿದೆ.

ನೋಡುವವರ ಪಾಲು

ಕಾರ್ಕಳದಲ್ಲಿ 2015ರಲ್ಲಿ, ವೇಣೂರಿನಲ್ಲಿ 2024ರಲ್ಲಿ ಮಹಾಮಸ್ತಕಾಭಿಷೇಕಗಳು ನಡೆದುವು. ಹನ್ನೆರಡು ವರ್ಷಗಳಿಗೊಮ್ಮೆ ಹಾಲು, ಎಳನೀರು, ಅರಿಸಿನ, ಚಂದನಗಳು ಮೂರ್ತಿಯ ಮೇಲೆ ಹರಿಯುವಾಗ ಲಕ್ಷಾಂತರ ಜನ ಕೂಡುವರು. ಅದು ಭಕ್ತಿಯ ಮಾತು. ಕಲೆಯನ್ನು ಅಭ್ಯಾಸ ಮಾಡುವವರು ಹೋಗಬೇಕಾದುದು ಜನವಿಲ್ಲದ ದಿನಗಳಲ್ಲಿ. ಸಾಧ್ಯವಾದರೆ ಮಳೆ ಆಗತಾನೇ ಹಿಂತೆಗೆದು, ಕಲ್ಲಿನ ಮೇಲೆ ಪಾಚಿಯ ಕಪ್ಪು ಇನ್ನೂ ಆರದಿರುವ ಆಶ್ವಯುಜ ಕಾರ್ತಿಕಗಳಲ್ಲಿ. ಪ್ರತಿವರ್ಷ ಮೈಸೂರಿನ ಶಾಲೆ ಕಾಲೇಜುಗಳಿಂದ ಕರಾವಳಿಗೆ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಕಡಲನ್ನು ಕಂಡು, ದೇವಸ್ಥಾನಗಳನ್ನು ಮುಗಿಸಿ, ಕಾರ್ಕಳದಲ್ಲಿ ಅರ್ಧ ಗಂಟೆ ನಿಂತು ಮರಳುತ್ತವೆ. ಅಷ್ಟು ಹೊತ್ತಿನಲ್ಲಿ ಮೂರ್ತಿಯ ಎತ್ತರವನ್ನು ಬರೆದುಕೊಳ್ಳಬಹುದೇ ಹೊರತು ಮೂರ್ತಿಯನ್ನು ನೋಡಲಾಗದು.

ಅಧ್ಯಾಪಕರಲ್ಲಿ ಒಂದು ವಿನಂತಿ. ಈ ಪ್ರವಾಸವನ್ನು ಗೊಮ್ಮಟಗಿರಿಯಿಂದ ಆರಂಭಿಸಿ. ಸಾಧ್ಯವಾದರೆ ಹನಸೋಗೆಯ ಬಸದಿಯನ್ನೂ ತೋರಿಸಿ. ಮೂಡಬಿದರೆಯಲ್ಲಿ ಮಾಡುಗಳ ಇಳಿಜಾರನ್ನು, ಕಾರ್ಕಳದಲ್ಲಿ ಕಲ್ಲಿನ ಭಾರವನ್ನು, ವೇಣೂರಿನಲ್ಲಿ ಕೆನ್ನೆಯ ಗುಳಿಯನ್ನು ಹುಡುಗರು ತಾವೇ ಕಾಣುವಷ್ಟು ಹೊತ್ತು ಬಿಡಿ. ಶಾಸನವನ್ನು ಓದಿಸಿ. ಶಾಸನ ಓದಿ ಮುಗಿದ ಮೇಲೆ, ಅದರಲ್ಲಿ ಯಾರ ಹೆಸರಿಲ್ಲವೆಂದು ಕೇಳಿ. ಯಾರಾದರೊಬ್ಬ ವಿದ್ಯಾರ್ಥಿ ಉತ್ತರ ಹೇಳುವನು. ಆಗ ಪಾಡ್ದನದ ಕಥೆಯನ್ನು, ಬೆಟ್ಟದ ಮೆಟ್ಟಿಲಿನ ಮೇಲೆಯೇ ಕುಳಿತು, ಹೇಳಬಹುದು.